ಸ್ವಚ್ಛ ಹಳ್ಳದ ಸೀಸ

ಕೆಂಪು ಹಳ್ಳ

ಮೇಲಿನ ಪದರ ಕಿರುಬೆರಳಿನ ಉಗುರಿನಷ್ಟು ದಪ್ಪವಿತ್ತು, ಹಳೆಯ ಇಟ್ಟಿಗೆಯ ಬಣ್ಣ. ಅದರ ಕೆಳಗೆ ಎರಡು ಬೆರಳು ಬೂದಿ ಬಣ್ಣ. ಅದಕ್ಕೂ ಕೆಳಗೆ, ನನ್ನ ಪ್ಲಾಸ್ಟಿಕ್ ಚಮಚ ಮುಟ್ಟುವಷ್ಟು ಆಳಕ್ಕೂ, ಕಪ್ಪು. ಕಪ್ಪು ಕೆಸರಿಗೆ ಕೊಳೆತ ಮೊಟ್ಟೆಯ ವಾಸನೆಯಿತ್ತು. ಕೆಂಪಿಗೆ ಯಾವ ವಾಸನೆಯೂ ಇರಲಿಲ್ಲ.

ಇಷ್ಟನ್ನು ಬರೆದುಕೊಳ್ಳುವ ಹೊತ್ತಿಗೆ ನನ್ನ ಎಡಗಾಲು ಮೊಣಕಾಲಿನವರೆಗೆ ಹೂತುಹೋಗಿತ್ತು. ದಂಡೆಯ ಗಟ್ಟಿ ನೆಲದ ಮೇಲೆ ನಿಂತಿದ್ದ, ಇಲ್ಲಿಯ ಪ್ರಯೋಗಾಲಯದ ಡೆರಿಕ್, ಕಾಲು ಎಳೆಯಬೇಡಿ, ಕುರ್ಚಿಯ ಮೇಲೆ ಕೂತ ಹಾಗೆ ಹಿಂದಕ್ಕೆ ಕೂತುಬಿಡಿ ಎಂದು ಸಮಾಧಾನವಾಗಿ ಹೇಳಿದರು. ನಾನು ಕೂರಲಿಲ್ಲ. ಮಳೆ ಬಿದ್ದ ಎರೆ ಹೊಲದಲ್ಲಿ ಚಪ್ಪಲಿ ಸಿಕ್ಕಿಕೊಂಡರೆ ನಮ್ಮ ಕಡೆಯವರು ಚಪ್ಪಲಿಯನ್ನು ಬಿಟ್ಟು ಕಾಲು ಕಿತ್ತುಕೊಳ್ಳುತ್ತಾರೆ. ಹಾಗೆಯೇ ಮಾಡಿದೆ. ಬೂಟು ಅಲ್ಲೇ ಉಳಿಯಿತು, ನಾನು ಒಂದು ಕಾಲಲ್ಲಿ ಬರೀ ಕಾಲುಚೀಲ ತೊಟ್ಟು ಕಾರಿನವರೆಗೆ ನಡೆದೆ. ಡೆರಿಕ್ ಹಗ್ಗ ಹಾಕಿ ಬೂಟನ್ನು ಎಳೆದು, ತೊಳೆದು, ನೀರು ಸೋರಲೆಂದು ತಲೆಕೆಳಗೆ ಇಟ್ಟರು.

ಇದು ಇಂಗ್ಲೆಂಡಿನ ನೈಋತ್ಯ ಮೂಲೆ, ಕಾರ್ನ್‌ವಾಲ್. ಇಲ್ಲಿ ಒಂದು ಸಣ್ಣ ನದಿ ಕಡಲನ್ನು ಸೇರುವ ಅಳಿವೆಯಿದೆ. ಮೇಲಿನ ಗುಡ್ಡಗಳಲ್ಲಿ ತವರ ಮತ್ತು ತಾಮ್ರದ ಗಣಿಗಳಿದ್ದವು. ಅವು ಮುಚ್ಚಿ ತಲೆಮಾರುಗಳೇ ಕಳೆದಿವೆ, ಆದರೆ ಗಣಿಯೊಳಗಿನ ನೀರು ಇನ್ನೂ ಸೋರಿ ಅಳಿವೆಯ ಈ ಕೆಂಪು ಹಳ್ಳಕ್ಕೆ ಬರುತ್ತಿದೆ. ತಾಮ್ರ, ಸತು, ಸೀಸ, ಎಲ್ಲವೂ ಕೆಸರಿನಲ್ಲಿ ಕೂತಿವೆ. ಲೋಹ ಕೊಳೆಯುವುದಿಲ್ಲ. ಅಂಥ ಕೆಸರಿನಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಏನಾಗುತ್ತವೆ ಎಂಬುದು ನನ್ನ ಸಂಶೋಧನೆ. ನಮ್ಮ ದೇಶದಲ್ಲಿ ನಾನು ಕೃಷ್ಣಾ ನದಿಯ ಅಳಿವೆಯಲ್ಲಿ ಕೆಲಸ ಮಾಡುತ್ತೇನೆ. ಅದಕ್ಕೆ ಹೋಲಿಸಿ ನೋಡಲು, ಇಲ್ಲಿಯವರ ವಿಧಾನ ಕಲಿಯಲು, ಎರಡು ವಾರ ಬಂದಿದ್ದೆ.

ಬಯಲುಸೀಮೆಯ ಆದೋನಿಯಲ್ಲಿ ಹುಟ್ಟಿದವಳಿಗೆ ಈ ಕೆಲಸಕ್ಕೆ ಸೇರುವವರೆಗೂ ಕಡಲು ಪುಸ್ತಕದ ವಿಷಯವಾಗಿತ್ತು. ನನಗೆ ಗೊತ್ತಿದ್ದ ನೀರು ಅಮ್ಮನ ತವರು ನಾಗಲದಿನ್ನೆಯ ತುಂಗಭದ್ರೆ. ಅಲ್ಲಿಯ ಹಿರಿಯರು ನೀರಿನ ಬಣ್ಣ ನೋಡಿ ಮೇಲೆ ಯಾವ ಸೀಮೆಯಲ್ಲಿ ಮಳೆಯಾಗಿದೆ ಎಂದು ಹೇಳುತ್ತಾರೆ. ನಮ್ಮಲ್ಲಿ ಹೋದ ನೀರು ಹೋಯಿತು. ಅಳಿವೆಯ ನೀರು ದಿನಕ್ಕೆ ಎರಡು ಸಲ ಹೋಗಿ ಎರಡು ಸಲ ಮರಳುತ್ತದೆ. ಒಯ್ದದ್ದರಲ್ಲಿ ಬಹುಪಾಲನ್ನು ತಂದು ಮತ್ತೆ ಅಲ್ಲೇ ಇಡುತ್ತದೆ.

ಸ್ವಚ್ಛ ಹಳ್ಳ

ಮೂರನೆಯ ದಿನ ಇನ್ನೊಂದು ಹಳ್ಳಕ್ಕೆ ಹೋದೆವು. ಕಾರಿನಲ್ಲಿ ಅರ್ಧ ಗಂಟೆಯ ದೂರ. ಅದರ ಮೇಲ್ಗಡೆ ಗಣಿಗಳಿರಲಿಲ್ಲ, ದನ ಮೇಯುವ ಹುಲ್ಲುಗಾವಲು ಮಾತ್ರ. ಪ್ರಯೋಗಾಲಯದಲ್ಲಿ ಎಲ್ಲರೂ ಇದನ್ನು ಸ್ವಚ್ಛ ಹಳ್ಳ ಎಂದೇ ಕರೆಯುತ್ತಾರೆ. ಕೆಟ್ಟ ಕೆಸರು ಎಷ್ಟು ಕೆಟ್ಟಿದೆ ಎಂದು ಹೇಳಬೇಕಾದರೆ ಪಕ್ಕದಲ್ಲಿ ಕೆಡದ ಕೆಸರು ಇರಬೇಕು.

ಕೆಸರು ತುಂಬುವ ಬಾಟಲಿಗಳನ್ನು ನಾನು ಊರಿನಿಂದಲೇ ತಂದಿದ್ದೆ. ಎರಡು ಅಳಿವೆಗಳಿಗೂ ಒಂದೇ ಬಗೆಯ ಬಾಟಲಿ, ಒಂದೇ ಬಗೆಯ ತೊಳೆತ ಇರಬೇಕೆಂಬುದು ನಿಯಮ. ಒಂದೊಂದನ್ನೂ ಆಮ್ಲದಲ್ಲಿ ನೆನೆಸಿ, ತೊಳೆದು, ಒಣಗಿಸಿ, ಹನ್ನೆರಡರಂತೆ ಪ್ಲಾಸ್ಟಿಕ್ ಚೀಲಗಳಲ್ಲಿ ಹಾಕಿ, ಚೀಲದ ಬಾಯಿಗೆ ದಾರ ಕಟ್ಟಿದ್ದೆ. ವಿಮಾನ ಹತ್ತುವ ಮುಂಚೆ ಎರಡು ದಿನ ಆದೋನಿಯ ಮನೆಯಲ್ಲಿ ಉಳಿದಾಗ ಬಾಟಲಿಗಳ ಡಬ್ಬ ನನ್ನ ಕೋಣೆಯಲ್ಲೇ ಇತ್ತು.

ಕೆಂಪು ಹಳ್ಳಕ್ಕೆ ಒಂದು ಚೀಲ ಬಳಸಿದ್ದೆ. ಸ್ವಚ್ಛ ಹಳ್ಳದ ದಂಡೆಯಲ್ಲಿ ಎರಡನೆಯದನ್ನು ಬಿಚ್ಚುವಾಗ ಗಂಟು ನನ್ನದಲ್ಲ ಅನ್ನಿಸಿತು. ನಾನು ಎರಡು ಸಾದಾ ಗಂಟು ಹಾಕುತ್ತೇನೆ. ಇದು ಚಪ್ಪಟೆಯಾಗಿತ್ತು, ಒಂದು ತುದಿ ಎಳೆದರೆ ಪೂರ್ತಿ ಬಿಚ್ಚಿಕೊಳ್ಳುವಂಥದ್ದು. ನೋಡದೆಯೇ ನನ್ನ ಕೈ ಆ ತುದಿಯನ್ನು ಹುಡುಕಿ ಎಳೆಯಿತು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಯಾರೋ ಬಿಚ್ಚಿ ಕಟ್ಟಿರಬೇಕು ಎಂದುಕೊಂಡೆ. ಗಾಳಿಯಿತ್ತು, ನೀರು ತಿರುಗುವ ಹೊತ್ತು ಹತ್ತಿರವಾಗಿತ್ತು. ನಾನು ಎಲ್ಲವನ್ನೂ ಬರೆದಿಡುವವಳು, ಅದನ್ನು ಬರೆದಿಡಲಿಲ್ಲ.

ಮರಳುವ ದಾರಿಯಲ್ಲಿ ನಾಯಿ ಹಿಡಿದು ನಡೆಯುವವರು ಎದುರಾದರು. ಇಲ್ಲಿಯ ಜನ ಒಬ್ಬರಿಗೊಬ್ಬರು ಮಾತನಾಡಿಸುವ ಮುಂಚೆ ನಾಯಿಯನ್ನು ಮಾತನಾಡಿಸುತ್ತಾರೆ. ಹೆಚ್ಚು ಮಾತು ಬಾರದ ನನಗೆ ಆ ಪದ್ಧತಿ ಹಿಡಿಸಿತು.

ಡೆರಿಕ್ ಅವರ ಕಿಟಕಿ

ಡೆರಿಕ್ ಪ್ರಯೋಗಾಲಯದ ತಂತ್ರಜ್ಞರು. ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಅಪ್ಪನಿಗಿಂತ ಹಿರಿಯರನ್ನು ಬರೀ ಹೆಸರು ಹಿಡಿದು ಕರೆಯುವುದು ನನಗೆ ಕೊನೆಯವರೆಗೂ ಕಷ್ಟವೇ ಆಯಿತು. ಕೆಸರನ್ನು ಆಮ್ಲದಲ್ಲಿ ಕುದಿಸಿ ತಿಳಿನೀರು ಮಾಡಿ, ಲೋಹ ಅಳೆಯುವ ಯಂತ್ರಕ್ಕೆ ಕೊಡುವುದು ಅವರ ಕೆಲಸ. ಎಷ್ಟೇ ಚಳಿಯಿದ್ದರೂ ಚಹಾದ ಹೊತ್ತಿಗೆ ಕೋಣೆಯ ಕಿಟಕಿಯನ್ನು ಒಂದು ಗೇಣು ತೆರೆಯುವುದು ಅವರ ಅಭ್ಯಾಸ. ಕಟ್ಟಡ ಹಳೆಯದು, ಕಿಟಕಿಯ ಚೌಕಟ್ಟಿನ ಬಣ್ಣ ಚಕ್ಕೆಚಕ್ಕೆಯಾಗಿ ಏಳುತ್ತಿತ್ತು.

ಡೆರಿಕ್ ಲೋಹ ಅಳೆಯುವಾಗ ನಾನು ಬ್ಯಾಕ್ಟೀರಿಯಾಗಳನ್ನು ಬೆಳೆಸುತ್ತಿದ್ದೆ. ವಿಧಾನ ಸರಳ. ಗಾಜಿನ ತಟ್ಟೆಯ ಆಹಾರದಲ್ಲಿ ಒಂದಿಷ್ಟು ತಾಮ್ರವನ್ನೋ ಸೀಸವನ್ನೋ ಬೆರೆಸಿ, ಕೆಸರಿನ ನೀರನ್ನು ಹರಡಿ, ಯಾವುದು ಬೆಳೆಯುತ್ತದೆ ಎಂದು ಕಾಯುವುದು. ಕೆಂಪು ಹಳ್ಳದವು ವಿಷವಿದ್ದ ತಟ್ಟೆಗಳಲ್ಲೂ ಬೆಳೆದವು. ಹೊರೆಯನ್ನು ಹೊತ್ತು ಹೊತ್ತು ಅಭ್ಯಾಸವಾದವು ಅವು, ಒಳಗೆ ಬಂದ ಲೋಹವನ್ನು ಹೊರಗೆ ತಳ್ಳುವುದನ್ನು ಕಲಿತಿವೆ. ಇಂಥವುಗಳಲ್ಲಿ ಕೆಲವಕ್ಕೆ ನಮ್ಮ ಔಷಧಿಗಳೂ ನಾಟುವುದಿಲ್ಲ, ಒಂದನ್ನು ತಾಳುವ ಗುಣ ಇನ್ನೊಂದನ್ನು ತಾಳುವ ಗುಣದ ಜೊತೆಗೇ ಬರುತ್ತದೆ. ತಾಳಲಾರದ ಜಾತಿಗಳು ಹೋಗಿಬಿಟ್ಟಿವೆ. ಬದುಕಿದ್ದನ್ನು ಎಣಿಸುವುದು ಸುಲಭ. ಇಲ್ಲದ್ದನ್ನು ಎಣಿಸಲು ಸ್ವಚ್ಛ ಹಳ್ಳ ಬೇಕು.

ಸ್ವಚ್ಛ ಹಳ್ಳದವು ನಿರೀಕ್ಷೆಯಂತೆ ಸೀಸದ ತಟ್ಟೆಯಲ್ಲಿ ಸತ್ತವು. ಆದರೆ ಯಂತ್ರ ಬೇರೆ ಮಾತು ಹೇಳಿತು. ಆ ಕೆಸರಿನಲ್ಲಿ ಕೆಂಪು ಹಳ್ಳಕ್ಕಿಂತ ಹೆಚ್ಚು ಸೀಸವಿತ್ತು.

ಪ್ರಯೋಗಾಲಯದ ಮುಖ್ಯಸ್ಥೆ ಹೆಲೆನ್ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರು. ಅಷ್ಟು ಸೀಸದಲ್ಲಿ ಬಾಳಿದವು ಸೀಸದ ತಟ್ಟೆಯಲ್ಲಿ ಸಾಯುವುದಿಲ್ಲ, ಆದ್ದರಿಂದ ಸೀಸ ಹಳ್ಳದ್ದಲ್ಲ, ಕೆಸರು ಇಲ್ಲಿಗೆ ಬಂದ ಮೇಲೆ ಸೇರಿದ್ದು ಎಂದರು. ಕೆಸರು ತುಂಬದೆ ಹೋಲಿಕೆಗೆಂದು ಬರೀ ಶುದ್ಧ ನೀರು ತುಂಬಿಟ್ಟಿದ್ದ ಬಾಟಲಿಯಲ್ಲೂ ಸೀಸ ಸಿಕ್ಕಿತು. ಆಗ ಅವರ ಕಣ್ಣು ಕಿಟಕಿಯ ಕಡೆ ಹೋಯಿತು. ಹಳೆಯ ಬಣ್ಣಗಳಲ್ಲಿ ಸೀಸವಿರುತ್ತದೆ.

ಆದೋನಿಯ ಹತ್ತಿ ಮಂಡಿಯಲ್ಲಿ ತಪ್ಪಾದರೆ ಬೀದಿಗೆ ಕೇಳುವಂತೆ ಬೈದು, ಆಮೇಲೆ ಒಟ್ಟಿಗೆ ಚಹಾ ಕುಡಿಯುತ್ತಾರೆ. ಹೆಲೆನ್ ದನಿಯನ್ನೇ ಎತ್ತಲಿಲ್ಲ. ಇನ್ನು ಮುಂದೆ ಕಿಟಕಿಯನ್ನು ಮುಚ್ಚಿಡುವುದು ಒಳ್ಳೆಯದೇನೋ ಎಂದರು. ಕಾರಣ ಪತ್ತೆಯಾಗುವವರೆಗೆ ಯಂತ್ರ ನಿಲ್ಲಲಿ, ಈ ವಾರ ಅಳೆದ ಉಳಿದವರ ಮಾದರಿಗಳನ್ನೂ ಲೆಕ್ಕಕ್ಕೆ ಹಿಡಿಯುವುದು ಬೇಡ ಎಂದರು. ಡೆರಿಕ್ ಅವರ ಕತ್ತು ಕೆಂಪಾಯಿತು. ಎರಡು ದಿನ ಅವರು ಆ ಚೌಕಟ್ಟನ್ನು ಒದ್ದೆ ಬಟ್ಟೆಯಿಂದ ಒರೆಸಿದರು, ಪಾತ್ರೆಗಳನ್ನೆಲ್ಲ ಮೊದಲಿನಿಂದ ತೊಳೆದರು. ಶುಕ್ರವಾರ ಸಂಜೆ ನನ್ನ ಮೇಜಿನ ಹತ್ತಿರ ಬಂದು, ಅಷ್ಟು ದೂರದಿಂದ ಬಂದ ನಿಮ್ಮ ಕೆಲಸ ನನ್ನಿಂದ ಕೆಟ್ಟಿತು, ಕ್ಷಮಿಸಿ ಎಂದರು.

ಪರವಾಗಿಲ್ಲ ಎಂದೆ ನಾನು. ಕ್ಷಮಿಸಿಯೂ ಬಿಟ್ಟೆ.

ಭಾನುವಾರ, ದಿಬ್ಬದ ಮೇಲೆ

ನಾನಿದ್ದ ಕೋಣೆಯಲ್ಲಿ ಫೋನಿನ ಸಿಗ್ನಲ್ ಸಿಗುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ಊರ ಹಿಂದಿನ ದಿಬ್ಬ ಹತ್ತಿ, ಬೆಂಚಿನ ಮೇಲೆ ಕೂತು ಮನೆಗೆ ಫೋನು ಮಾಡಿದೆ. ಅಲ್ಲಿ ಸಂಜೆಯಾಗಿತ್ತು. ಅಮ್ಮ ಮೊದಲು ಊಟ ಕೇಳಿದಳು. ಕಟ್ಟಿಕೊಟ್ಟ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ ಇನ್ನೂ ಇದೆ ಎಂದೆ. ಕೆಲಸ ಹೇಗೆ ನಡೆದಿದೆ ಎಂದಳು. ನಿಂತಿದೆ, ಏನೋ ಹೊಲಸು ಸೇರಿ ಅಳತೆ ತಪ್ಪಾಗಿದೆ ಎಂದೆ.

ಅಮ್ಮನ ದನಿ ಇಳಿಯಿತು. ಫೋನಿನಲ್ಲಿ ಅವಳದು ಯಾವಾಗಲೂ ಏರುದನಿ.

"ಯಾಕ, ಆ ಬಾಟ್ಲಿಗೇನರ ಆತೇನು?"

ನಾನು ಬಾಟಲಿಯ ಮಾತನ್ನೇ ಎತ್ತಿರಲಿಲ್ಲ. ಯಾವ ಬಾಟಲಿ ಎಂದು ಕೇಳಿದೆ.

"ಏನಿಲ್ಲ, ಸರ್ಲೇ, ಬಿಡು."

"ಅಮ್ಮಾ, ಹೇಳು."

"ನೀ ಸ್ನಾನಕ್ಕ ಹೋಗಿದ್ದಿ. ಜೇಜಿ ಆ ಡಬ್ಬ ತೆಗೆದು ಒಂದು ಚೀಲ ಬಿಚ್ಚಿದ್ಳು. ಹೊಸಾ ಸಾಮಾನು, ಬೊಟ್ಟಿಲ್ಲದ ಹೊಸ್ತಿಲ ದಾಟಬಾರದು ಅಂದ್ಳು. ನಾ ಬ್ಯಾಡ ಅಂದ್ರ ಆಕಿ ಕೇಳ್ತಾಳೇನು? ಒಂದೊಂದಕ್ಕೂ ಇಟ್ಳು. ನೀ ನೋಡಿದ್ರ ಬೈತೀ ಅಂತ ನಾನ ಸೆರಗಿಲೆ ಒರೆಸಿ ಇಟ್ಟೀನಿ. ಚೊಲೋ ಒರೆಸೀನಿ, ಒಂಚೂರೂ ಉಳಿದಿಲ್ಲ."

ಜೇಜಿ ಎಂದರೆ ಅಪ್ಪನ ತಾಯಿ. ನಮ್ಮ ಕಡೆ ಕನ್ನಡದ ಮನೆಗಳಲ್ಲೂ ಅಜ್ಜಿಗೆ ಈ ತೆಲುಗು ಮಾತೇ ನಡೆಯುತ್ತದೆ. ಹತ್ತಿ ವ್ಯಾಪಾರದ ಮನೆ ನಮ್ಮದು. ಸುಗ್ಗಿಯಲ್ಲಿ ಮಂಡಿಗೆ ಹೋಗುವ ಮೊದಲ ಚೀಲದ ಬಾಯಿ ಕಟ್ಟಿ, ಅದಕ್ಕೆ ಬೊಟ್ಟಿಡುವವಳು ಜೇಜಿ. ಸೈಕಲ್ಲು, ಫ್ರಿಜ್ಜು, ನನ್ನ ಪದವಿ ಪತ್ರದ ಕವರು, ಬೊಟ್ಟಿಲ್ಲದೆ ಯಾವುದೂ ಮನೆಯೊಳಗೆ ಬಂದಿಲ್ಲ, ಹೊರಗೆ ಹೋಗಿಲ್ಲ. ಆ ಗಂಟನ್ನು ನನ್ನ ಕೈ ಗುರುತಿಸಿತ್ತು. ನಾನೇ ಗುರುತಿಸಿರಲಿಲ್ಲ.

ಎಲ್ಲಿ ಇಟ್ಟಳು, ಏನು ಇಟ್ಟಳು ಎಂದು ಕೇಳಿದೆ.

"ಮುಚ್ಚಳದ ಮ್ಯಾಲೆ. ಬಾಟ್ಲಿಗೆ ಹಣಿ ಅಂದ್ರ ಅದೇ ಕದಾ. ಕುಂಕುಮ ಅಲ್ಲ, ಆಂಜನೇಯನ ಸಿಂಧೂರ. ಸಮುದ್ರ ದಾಟಾಕಿಗೆ ಸಮುದ್ರ ದಾಟಿದಾವಂದ ಹಚ್ಚಬೇಕು ಅಂದ್ಳು."

ಗುಡಿಯ ಮೂರ್ತಿಗೆ ಎಣ್ಣೆಯಲ್ಲಿ ಕಲಸಿ ಬಳಿಯುವ ಕಿತ್ತಳೆ ಸಿಂಧೂರ. ಎಲ್ಲ ಕಡೆಯೂ ಒಂದೇ ಅಲ್ಲ, ಆದರೆ ಕೆಲವು ಕಡೆ ಅದು ಸೀಸದ ಭಸ್ಮವೇ. ಎಣ್ಣೆಯಲ್ಲಿದ್ದದ್ದು ಸೆರಗಿಗೆ ಪೂರ್ತಿ ಬರುವುದಿಲ್ಲ. ಒರೆಸಿದಷ್ಟೂ ಮುಚ್ಚಳದ ಅಂಚಿಗೆ, ಬಾಟಲಿಯ ಕತ್ತಿಗೆ ಹರಡುತ್ತದೆ. ಯಂತ್ರ ತೋರಿಸಿದ ಸೀಸಕ್ಕೆ ಅಷ್ಟು ಸಾಕು.

ಅದರಲ್ಲಿ ವಿಷ ಇರಬಹುದು ಎಂದು ಅಮ್ಮನಿಗೆ ಹೇಳಿದೆ. ಅವಳಿಗೆ ಸಿಟ್ಟು ಬಂತು.

"ವಿಷ ಇದ್ರ ಚಿನ್ನೀಗೆ ಏನರ ಆಗಬೇಕಿತ್ತಲ್ಲ. ದಿನಾ ಹಚ್ತಾಳ ಜೇಜಿ, ದೃಷ್ಟಿ ಆಗಬಾರದು ಅಂತ. ಕೂಸು ಆರಾಮ ಐತಿ."

ಚಿನ್ನಿ ನನ್ನ ಅಣ್ಣನ ಮಗಳು, ಎಂಟು ತಿಂಗಳ ಕೂಸು. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುವ ವಯಸ್ಸು. ಖಾತ್ರಿ ಮಾಡಿಕೊಂಡು ಹೇಳುತ್ತೇನೆ, ಅಲ್ಲಿಯವರೆಗೆ ಆ ಸಿಂಧೂರದ ಡಬ್ಬಿಯನ್ನು ಎತ್ತಿಡು ಎಂದೆ. ಅಮ್ಮ ಒಪ್ಪಿದಳು, ಆದರೆ ಜೇಜಿಗೆ ಮಾತ್ರ ಹೇಳಬೇಡ ಎಂದಳು. ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆ, ಊಟ ಬಿಡುತ್ತಾಳೆ.

ಕೋಣೆಗೆ ಮರಳಿ ಹೆಲೆನ್ ಅವರಿಗೆ ಪತ್ರ ಬರೆದೆ. ಚೀಲವೊಂದರ ಗಂಟು ಬದಲಾಗಿತ್ತು, ದಾರಿಯಲ್ಲಿ ತಪಾಸಣೆಯವರು ತೆರೆದಂತಿದೆ, ಸೀಸ ಅಲ್ಲಿ ಸೇರಿರಬಹುದು. ಡೆರಿಕ್ ಅವರ ಮೇಲಿನ ಮಾತು ಹೋಗುತ್ತಿತ್ತು, ಜೇಜಿಯ ಹೆಸರು ಬರುತ್ತಿರಲಿಲ್ಲ. ನಾಲ್ಕು ಸಾಲಿನ ಚೊಕ್ಕ ಪತ್ರ. ಮೂರು ಸಲ ಓದಿದೆ. ಅದರಲ್ಲಿ ಒಂದು ಮಾತು ನಿಜವಿತ್ತು, ಗಂಟಿನದು. ಅಳಿಸಿಬಿಟ್ಟೆ.

ಸೋಮವಾರದ ಚಹಾ

ಸೋಮವಾರ ಹತ್ತೂವರೆಗೆ ಎಲ್ಲರೂ ಚಹಾಕ್ಕೆ ಸೇರಿದಾಗ ನಾನು ಹೇಳುವುದಿದೆ ಎಂದೆ. ಆ ಒಂದು ವಾರದಲ್ಲಿ ಅಲ್ಲಿ ನಾನು ಆಡಿದ ಅತಿ ದೀರ್ಘ ಮಾತು ಅದು. ನಮ್ಮ ಮನೆ, ಜೇಜಿ, ಹೊಸ ಸಾಮಾನಿಗೆ ಇಡುವ ಬೊಟ್ಟು, ಕಡಲು ದಾಟಿದ ದೇವರು, ಸಿಂಧೂರ, ಅಮ್ಮನ ಸೆರಗು. ದೇವರ ವಿಷಯ ನಾನು ಊರಲ್ಲೂ ಯಾರೊಂದಿಗೂ ಆಡುವವಳಲ್ಲ. ಗಂಟು ಬೇರೆಯಾಗಿದ್ದನ್ನು ನೋಡಿಯೂ ಬರೆದಿಡದ ತಪ್ಪು ನನ್ನದು ಎಂದೂ ಹೇಳಿದೆ. ಯಾರಾದರೂ ನಕ್ಕಾರು ಎಂದು ಕಾಯುತ್ತಿದ್ದೆ. ಯಾರೂ ನಗಲಿಲ್ಲ.

ಹೆಲೆನ್ ಬಟ್ಟಲನ್ನು ಕೆಳಗಿಟ್ಟು, ಡೆರಿಕ್ ಕಡೆ ತಿರುಗಿ, ಎಲ್ಲರ ಎದುರಿಗೆ, ತಾನು ಅವಸರಪಟ್ಟೆ ಎಂದರು. ಡೆರಿಕ್ ತಲೆಯಾಡಿಸಿದರು, ಅಷ್ಟೇ. ಆಮೇಲೆ ಅದೇ ಚೀಲದ ಬಳಸದೆ ಉಳಿದ ಬಾಟಲಿಗಳನ್ನು ಕೇಳಿ ತೆಗೆದುಕೊಂಡು ಹೋದರು. ಒಂದರ ಮುಚ್ಚಳದ ಅಂಚನ್ನು ಒದ್ದೆ ಹತ್ತಿಯಿಂದ ಒರೆಸಿ ಯಂತ್ರಕ್ಕೆ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಉತ್ತರ ಬಂತು. ಸೀಸವೇ.

ನಾನು ಧನ್ಯವಾದ ಹೇಳಿ ಏಳುವಾಗ ಅವರು ತಡೆದರು.

"ಆ ಪುಡಿಯನ್ನು ಮನೆಯಲ್ಲಿ ಈಗಲೂ ಬಳಸುತ್ತಾರಾ?"

ಚಿನ್ನಿಯ ವಿಷಯ ಹೇಳಿದೆ. ಅಮ್ಮ ಡಬ್ಬಿಯನ್ನು ಎತ್ತಿಟ್ಟಿದ್ದಾಳೆ, ಅಜ್ಜಿಗೆ ಕಾರಣ ಗೊತ್ತಿಲ್ಲ, ತಿಳಿದರೆ ನೊಂದುಕೊಳ್ಳುತ್ತಾಳೆ ಎಂದೆ.

ಅವರು ಕೈಗವಸು ಬಿಚ್ಚಿ ಮೇಜಿನ ಮೇಲಿಟ್ಟರು. ತಮ್ಮ ಅಜ್ಜನ ಮನೆ ಆ ಕೆಂಪು ಹಳ್ಳದ ಮೇಲ್ಗಡೆಯೇ ಇತ್ತಂತೆ. ಬಟ್ಟೆ ಒಗೆಯುವುದು ಅದೇ ನೀರಿನಲ್ಲಿ, ಮಕ್ಕಳು ಆಡುವುದು ಅದೇ ಕೆಸರಿನಲ್ಲಿ. ಅದು ಒಳ್ಳೆಯದಲ್ಲ ಎಂದು ತಿಳಿದವರು ಊರಲ್ಲಿ ಇದ್ದರಂತೆ, ಓದಿದವರು.

"ಅಜ್ಜನ ಮನೆಯವರ ಮನಸ್ಸು ನೋಯಿಸಬಾರದೆಂದು ಯಾರೂ ಹೇಳಲಿಲ್ಲ," ಎಂದರು ಡೆರಿಕ್.

ಮಂಗಳವಾರ

ಮರುದಿನ ಬೆಳಿಗ್ಗೆ ಆರೂವರೆಗೆ ದಿಬ್ಬ ಹತ್ತಿದೆ. ಹುಲ್ಲು ಒದ್ದೆಯಾಗಿತ್ತು, ಅಳಿವೆಯ ನೀರು ಇಳಿಯತೊಡಗಿತ್ತು. ಅಮ್ಮನಿಗೆ ಮಾಡಲಿಲ್ಲ. ಅಣ್ಣನ ಫೋನಿಗೆ ಮಾಡಿ, ಜೇಜಿಗೆ ಕೊಡು ಎಂದೆ.

ನಾನು ಬಾಯಿ ತೆರೆಯುವ ಮುಂಚೆ ಅವಳೇ ಶುರು ಮಾಡಿದಳು. ಸಿಂಧೂರದ ಡಬ್ಬಿ ಎರಡು ದಿನದಿಂದ ಕಾಣುತ್ತಿಲ್ಲ, ನಿಮ್ಮಮ್ಮನನ್ನು ಕೇಳಿದರೆ ಗೊತ್ತಿಲ್ಲ ಅನ್ನುತ್ತಾಳೆ, ಮಂಗಳವಾರ ಬೇರೆ, ಗುಡಿಗೆ ಹೋಗಿ ಮತ್ತೆ ತಂದಿದ್ದೇನೆ, ಈಗ ತಾನೇ ಕೂಸಿಗೆ ಹಚ್ಚಿದೆ ಎಂದಳು.

ನಾನು ಎಲ್ಲವನ್ನೂ ಹೇಳಿದೆ. ಸೀಸ ಎಂದರೇನು, ಮೈಗೆ ಹೋದರೆ ಸುಲಭಕ್ಕೆ ಹೊರಗೆ ಬಾರದು, ಕೂಸುಗಳ ತಲೆಗೆ ಅದು ಏನು ಮಾಡುತ್ತದೆ, ಇಲ್ಲಿ ಅಳೆದಾಗ ಎಷ್ಟು ಕಂಡಿತು. ಚಿನ್ನಿಯ ರಕ್ತ ಪರೀಕ್ಷೆ ಮಾಡಿಸಬೇಕು ಎಂದೂ ಹೇಳಿದೆ. ಮುಗಿದ ಮೇಲೆ ಅವಳು ಕೇಳಿದ್ದು ಬೇರೆಯೇ.

"ಅಲ್ಲಿ ಯಾರಿಗಾರ ಮಾತು ಬಂತೇನು, ಇದರಿಂದ?"

"ಒಬ್ಬ ಹಿರಿಯರಿಗೆ ಬಂತು, ಜೇಜಿ."

"ನನ್ನ ಹೆಸರು ಹೇಳಿದಿಯಿಲ್ಲ?"

"ಹೇಳಿದೆ."

"ಚೊಲೋ ಮಾಡಿದಿ." ಆಮೇಲೆ, "ನಿಮ್ಮಮ್ಮ ಡಬ್ಬಿ ಮುಚ್ಚಿಡಾ ಬದಲಿ ನನಗ ಹೇಳಬೇಕಿತ್ತು. ನಾನೇನು ಕೂಸೇನು?" ಎಂದಳು.

ಫೋನನ್ನು ಎಲ್ಲೋ ಇಟ್ಟ ಸದ್ದಾಯಿತು, ಆದರೆ ಕರೆ ಕಡಿದುಹೋಗಲಿಲ್ಲ. ಅವಳು ಸೋಪು ಕೇಳಿದ್ದು, ಚೊಂಬಿನಿಂದ ನೀರು ಸುರಿದದ್ದು, ಚಿನ್ನಿ ಅತ್ತದ್ದು, ಮತ್ತೆ ನೀರು ಸುರಿದದ್ದು ಕೇಳಿಸಿತು. ಅಳು ನಿಲ್ಲುವವರೆಗೆ ಫೋನನ್ನು ಕಿವಿಗೆ ಹಿಡಿದು ನಿಂತಿದ್ದೆ. ಆಮೇಲೆ ದಿಬ್ಬ ಇಳಿದು, ಡೆರಿಕ್ ತೊಳೆದು ಕೊಟ್ಟ ಬಾಟಲಿಗಳನ್ನು ತೆಗೆದುಕೊಂಡು, ಸ್ವಚ್ಛ ಹಳ್ಳಕ್ಕೆ ಮತ್ತೆ ಕೆಸರು ತರಲು ಹೋದೆ.